ಪರದೆ ಕೆಟ್ಟರೆ ಇಡೀ ಮೀಟರ್ ಯಾಕೆ ಬದಲಿಸಬೇಕು?

ಹಳೆಯ ಎಷ್ಟೋ ರೇಡಿಯೊಗಳ ಹಿಂಬದಿಯ ಮುಚ್ಚಳ ತೆಗೆದರೆ ಒಳಗೆ ಸರ್ಕ್ಯೂಟ್ ನಕ್ಷೆ ಅಂಟಿಸಿರುತ್ತಿತ್ತು. ರಿಪೇರಿ ಮಾಡುವವರು ಅದನ್ನು ನೋಡಿ, ಕೆಟ್ಟ ಭಾಗ ಹುಡುಕಿ, ಬೆಸುಗೆ ಹಾಕಿ ಕೊಡುತ್ತಿದ್ದರು. ಈಗ ಅದೇ ರೇಡಿಯೊ ದುಬಾರಿ ಟೂರಿಂಗ್ ಬೈಕುಗಳ ಹ್ಯಾಂಡಲ್ ಮುಂದೆ ಬಂದು ಕೂತಿದೆ. ಹಾಡು, ರಸ್ತೆ ನಕ್ಷೆ, ಫೋನ್ ಕರೆ ಎಲ್ಲವೂ ಒಂದೇ ಪರದೆಯಲ್ಲಿ. ಆದರೆ ಆ ಪರದೆ ಕೆಟ್ಟರೆ ಸಿಗುವ ಉತ್ತರ ಒಂದೇ: ‘ಪೂರಾ ಯೂನಿಟ್ ಬದಲಿಸಬೇಕು.’

ಇದು ಲಕ್ಷಗಟ್ಟಲೆ ಬೆಲೆಯ ಬೈಕ್ ಇದ್ದವರ ತಲೆನೋವು, ನಮಗೇನು ಎನ್ನಬೇಡಿ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲೆಗೆ ಹೋಗುವ ದೊಡ್ಡ ಬೈಕಿಗೂ, ನಮ್ಮ ಬಮ್ಮಿಗಟ್ಟಿಯಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಓಡುವ ಹೊಸ ಗಾಡಿಗೂ ಈಗ ಡಿಜಿಟಲ್ ಮೀಟರೇ. ಮುಳ್ಳಿನ ಮೀಟರ್ ನಿಂತರೆ ಬಹಳ ಸಲ ಕೇಬಲ್ ಬದಲಿಸಿದರೆ ಮುಗಿಯುತ್ತಿತ್ತು. ನಮ್ಮ ಕಾಕಾನ ಗಾಡಿಯ ಡಿಜಿಟಲ್ ಮೀಟರ್ ಎರಡನೇ ಮಳೆಗಾಲಕ್ಕೇ ಒಳಗೆ ಮಂಜು ಹಿಡಿದು, ಅಂಕಿಗಳ ಅರ್ಧ ಗೆರೆ ಮಾಯವಾದವು. 8 ಯಾವುದು, 3 ಯಾವುದು ತಿಳಿಯದು. ಶೋರೂಮಿನಲ್ಲಿ ಹೇಳಿದ ದರ ಎರಡು ಹೊಸ ಟೈರಿಗಿಂತ ಹೆಚ್ಚು. ಕಾಕಾ ಬದಲಿಸಲಿಲ್ಲ. ಈಗಲೂ ಟ್ಯಾಂಕಿನ ಮುಚ್ಚಳ ತೆಗೆದು, ಗಾಡಿ ಅಲ್ಲಾಡಿಸಿ ಪೆಟ್ರೋಲ್ ನೋಡುತ್ತಾರೆ.

ಎಲೆಕ್ಟ್ರಾನಿಕ್ಸ್ ಓದುವವರಿಗೆ ಗೊತ್ತು, ಇಂಥ ದೋಷಗಳಲ್ಲಿ ಹೆಚ್ಚಿನವು ನಿಗೂಢವೇನಲ್ಲ. ನೀರು ಒಳಹೊಕ್ಕರೆ ಕನೆಕ್ಟರಿನ ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ. ತಗ್ಗುದಿಣ್ಣೆಯ ರಸ್ತೆಯ ಅದುರಾಟಕ್ಕೆ ಬೆಸುಗೆ ಬಿರುಕು ಬಿಡುತ್ತದೆ. ಬಿಸಿಲಿಗೆ ಎಲ್‌ಸಿಡಿ ಮೇಲಿನ ಪೋಲರೈಸರ್ ಹಾಳೆ ಕಪ್ಪಾಗುತ್ತದೆ. ಪರದೆಗೂ ಸರ್ಕ್ಯೂಟ್ ಬೋರ್ಡಿಗೂ ನಡುವಿನ ಸಂಪರ್ಕ ಸಡಿಲವಾದರೆ ಗೆರೆಗಳು ಮಾಯವಾಗುತ್ತವೆ. ಎಷ್ಟೋ ಸಲ ತಪ್ಪು ಪರದೆಯದ್ದೇ ಅಲ್ಲ, ಬ್ಯಾಟರಿಯದ್ದು. ಆದ್ದರಿಂದ ಮೊದಲು ಬ್ಯಾಟರಿಯ ವೋಲ್ಟೇಜ್, ಆಮೇಲೆ ಫ್ಯೂಸ್, ಆಮೇಲೆ ಕನೆಕ್ಟರ್, ಕೊನೆಗೆ ಪರದೆ ಎಂಬ ಕ್ರಮದಲ್ಲಿ ಪರೀಕ್ಷಿಸಬೇಕು. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಸಿಗದಿದ್ದರೆ ಹೊಸ ಮೀಟರ್ ಹಾಕಿಯೂ ಪ್ರಯೋಜನವಿಲ್ಲ. ಇಷ್ಟು ನೋಡಲು ಒಂದು ಮಲ್ಟಿಮೀಟರ್ ಸಾಕು. ಆದರೆ ಬೆಸುಗೆ ಹಾಕಬೇಕೆಂದರೆ ಡಬ್ಬಿ ಅಂಟಿನಿಂದ ಮುಚ್ಚಿರುತ್ತದೆ, ನಕ್ಷೆ ಸಿಗುವುದಿಲ್ಲ, ಬಿಡಿ ಪರದೆ ಮಾರುವುದಿಲ್ಲ.

ಕಂಪನಿಯೇ ಇಲ್ಲದಾದರೆ? 2020ರ ಸೆಪ್ಟೆಂಬರಿನಲ್ಲಿ ಹಾರ್ಲೆ-ಡೇವಿಡ್‌ಸನ್ ಭಾರತದಲ್ಲಿ ತನ್ನ ತಯಾರಿಕೆ, ಮಾರಾಟ ನಿಲ್ಲಿಸುವುದಾಗಿ ಪ್ರಕಟಿಸಿತು. ಮರುತಿಂಗಳು ಹೀರೊ ಮೋಟೊಕಾರ್ಪ್ ಜೊತೆ ಒಪ್ಪಂದವಾದ್ದರಿಂದ ಗಾಡಿ ಕೊಂಡವರು ಬಚಾವಾದರು. ಒಪ್ಪಂದ ಆಗದಿದ್ದರೆ ಆ ಪರದೆಗಳನ್ನು ಯಾರು ನೋಡಬೇಕಿತ್ತು? ಹೊರಗಿನ ಬಿಡಿಭಾಗ ಹಾಕಿದರೆ ವಾರಂಟಿ ರದ್ದು ಎಂಬ ಷರತ್ತಿಗಾಗಿ 2022ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದೇ ಕಂಪನಿಯ ವಿರುದ್ಧ ಕ್ರಮ ಕೈಗೊಂಡು, ಆ ಷರತ್ತು ಕೈಬಿಡುವಂತೆ ಮಾಡಿತು.

ನಮ್ಮಲ್ಲೂ ಮಾತು ಶುರುವಾಗಿ ವರ್ಷಗಳಾದವು. ಬಿಡಿಭಾಗ, ದೋಷ ಪತ್ತೆ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಕೊಡುತ್ತಿಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿಯ ಹಾದಿ ಹಿಡಿದವು. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕಿ’ಗಾಗಿ ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲ್, ಗೃಹಬಳಕೆ ವಸ್ತುಗಳ ಜೊತೆ ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಅದೇ ಡಿಸೆಂಬರಿನಲ್ಲಿ ಪೋರ್ಟಲ್ ಕೂಡ ಬಂತು. ಆದರೆ ಪೋರ್ಟಲ್‌ನಲ್ಲಿ ಸರ್ವಿಸ್ ಸೆಂಟರಿನ ವಿಳಾಸ ಸಿಕ್ಕರೆ ಸಾಲದು, ಬಿಡಿ ಪರದೆ ಸಿಗಬೇಕು.

ಕಂಪನಿಗಳ ವಾದದಲ್ಲೂ ಅರ್ಥವಿದೆ. ಗಾಡಿ ಓಡಿದ ಕಿಲೊಮೀಟರ್ ಲೆಕ್ಕ ಮೀಟರಿನ ಚಿಪ್‌ನಲ್ಲೇ ಇರುತ್ತದೆ. ಯಾರು ಬೇಕಾದರೂ ಬಿಚ್ಚುವಂತಾದರೆ ಹಳೆಯ ಗಾಡಿಯ ಲೆಕ್ಕ ತಿದ್ದಿ ಮಾರುವವರಿಗೆ ಹಬ್ಬ. ಸರಿಯಾಗಿ ಮುಚ್ಚದಿದ್ದರೆ ಮತ್ತೆ ನೀರು ಇಳಿಯುತ್ತದೆ. ಹಾಗೆಂದು ಪೂರಾ ಬಾಗಿಲು ಹಾಕಬೇಕೇ? ಲೆಕ್ಕ ಇರುವ ಚಿಪ್ ಬೇರೆ, ತೋರಿಸುವ ಪರದೆ ಬೇರೆ. ಚಿಪ್‌ಗೆ ಬೀಗ ಇರಲಿ. ಪರದೆ, ರಬ್ಬರ್ ಸೀಲ್, ಕನೆಕ್ಟರ್ ಬಿಡಿಯಾಗಿ ಸಿಗಲಿ. ಕನಿಷ್ಠ ಗಾಡಿ ಮಾರಾಟ ನಿಂತ ಹತ್ತು ವರ್ಷದವರೆಗಾದರೂ ಕೊಡಬೇಕೆಂಬ ನಿಯಮ ಬರಲಿ.

ಇದರಲ್ಲಿ ನಮ್ಮ ಪೀಳಿಗೆಯ ಅನ್ನವೂ ಇದೆ. ಇಂಜಿನ್ ಸದ್ದು ಕೇಳಿಯೇ ದೋಷ ಹೇಳುವ ಊರಿನ ಮೇಸ್ತ್ರಿಗಳು ಮೀಟರ್ ಎಂದ ಕೂಡಲೇ ‘ಶೋರೂಮಿಗೆ ಒಯ್ಯಿರಿ’ ಎನ್ನುತ್ತಾರೆ. ಇನ್ನೊಂದು ಕಡೆ ಐಟಿಐ, ಡಿಪ್ಲೊಮಾ, ಬಿಇ ಮುಗಿಸಿದವರು ಕೆಲಸ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ನಕ್ಷೆ, ಬಿಡಿಭಾಗ ಸಿಕ್ಕರೆ ಕಲಘಟಗಿ, ಕುಂದಗೋಳ, ನವಲಗುಂದದಂಥ ಊರುಗಳಲ್ಲೇ ಇಂಥ ರಿಪೇರಿ ಅಂಗಡಿ ನಡೆಯಬಲ್ಲದು. ಕಾಲೇಜುಗಳ ಲ್ಯಾಬಿನಲ್ಲಿ ಹೊಸ ಪ್ರಾಜೆಕ್ಟ್ ಮಾಡಿಸುವಂತೆ ಕೆಟ್ಟ ಮೀಟರ್ ರಿಪೇರಿಯನ್ನೂ ಮಾಡಿಸಬಹುದು.

ನಿಯಮ ಬರುವವರೆಗೆ ನಮ್ಮ ಕೈಯಲ್ಲಿ ಇರುವುದನ್ನಾದರೂ ಮಾಡೋಣ. ಗಾಡಿ ತೊಳೆಯುವಾಗ ಮೀಟರಿಗೆ ಜೋರಾಗಿ ನೀರು ಹೊಡೆಸಬೇಡಿ. ಮಂಜು ಕಂಡ ದಿನವೇ ಫೋಟೊ ತೆಗೆದಿಡಿ. ವಾರಂಟಿ ಇರುವಾಗಲೇ ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಸಿ, ಪ್ರತಿ ಪಡೆಯಿರಿ. ಬಾಯಿಮಾತಿನ ದೂರಿಗೆ ಬೆಲೆಯಿಲ್ಲ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಧಾರವಾಡದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ವಸ್ತುವಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ದುಡ್ಡು ಕೊಟ್ಟು ಕೊಂಡ ವಸ್ತುವನ್ನು ಬಿಚ್ಚಿ ನೋಡುವ ಹಕ್ಕನ್ನು ಕೇಳದೇ ಯಾರೂ ಕೊಡುವುದಿಲ್ಲ.