ಕಾಡುಹಂದಿಗೆ ಯಾವ ತೋಟೆ? ಪಂಚಾಯತು ಆದೇಶದಲ್ಲಿ ಬಿಟ್ಟುಹೋದ ಪ್ರಶ್ನೆ

ಕಾಸರಗೋಡು: ಕೃಷಿ ನಾಶ ಮಾಡುವ ಕಾಡುಹಂದಿಯನ್ನು ಕೊಲ್ಲಲು ಅನುಮತಿ ನೀಡುವ ಅಧಿಕಾರವನ್ನು ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಸ್ಥಳೀಯ ಸಂಸ್ಥೆಗಳ ಕೈಗೆ ಕೊಟ್ಟಿತು. ಆ ಬಳಿಕ ಅವಧಿ ವಿಸ್ತರಣೆಯೂ ಆಯಿತು. ಕೊಲ್ಲಬೇಕೇ ಬೇಡವೇ, ಕೇಂದ್ರ ಒಪ್ಪಬೇಕೇ ರಾಜ್ಯವೇ ತೀರ್ಮಾನಿಸಬೇಕೇ ಎಂಬ ಚರ್ಚೆ ವಿಧಾನಸಭೆಯಿಂದ ಹಿಡಿದು ಪೆರ್ಲ, ಬದಿಯಡ್ಕದ ಚಹಾದಂಗಡಿ ತನಕ ನಡೆದಿದೆ. ಆದರೆ ರಾತ್ರಿ ಹೊತ್ತು ತೋಟದ ಬದಿಯಲ್ಲಿ ಕೋವಿ ಹಿಡಿದು ಕುಳಿತವನಿಗೆ ಎದುರಾಗುವ ಪ್ರಶ್ನೆ ಬೇರೆ. ಕೋವಿಗೆ ಯಾವ ತೋಟೆ ಹಾಕಬೇಕು?

ಇದು ಬೇಟೆಯ ಹವ್ಯಾಸಿಗಳ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. ನಮ್ಮಲ್ಲಿ ಹವ್ಯಾಸದ ಬೇಟೆಗೆ ಅವಕಾಶವೇ ಇಲ್ಲ. ಇಲ್ಲಿರುವುದು ಕೃಷಿ ರಕ್ಷಣೆ ಮತ್ತು ನೆರೆಮನೆಯವರ ಜೀವ ರಕ್ಷಣೆಯ ಪ್ರಶ್ನೆ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ತಿದ್ದುಪಡಿಯಾದ ಬಳಿಕ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಅದು ಮನುಷ್ಯರ ಜೀವಕ್ಕೆ ಅಥವಾ ಬೆಳೆಗೆ ಅಪಾಯವಾದರೆ ಕಾರಣ ನಮೂದಿಸಿದ ಲಿಖಿತ ಆದೇಶದ ಮೂಲಕ ಕೊಲ್ಲಲು ಅನುಮತಿಸಬಹುದು ಎನ್ನುತ್ತದೆ 11ನೇ ಸೆಕ್ಷನ್. ಕೇರಳದ ವ್ಯವಸ್ಥೆ ನಿಂತಿರುವುದು ಇದರ ಮೇಲೆ. ಸ್ಥಳೀಯ ಸಂಸ್ಥೆಯ ಅಧ್ಯಕ್ಷರು ಗೌರವ ವನ್ಯಜೀವಿ ವಾರ್ಡನ್, ಕಾರ್ಯದರ್ಶಿ ಅಧಿಕೃತ ಅಧಿಕಾರಿ. ಗುಂಡು ಹಾರಿಸುವವರು ಪರವಾನಗಿ ಇರುವ ಕೋವಿದಾರರು. ವಿಷ, ಸ್ಫೋಟಕ, ವಿದ್ಯುತ್ ತಂತಿ ಬಳಸುವಂತಿಲ್ಲ. ಸತ್ತ ಹಂದಿಯನ್ನು ಹೂಳಬೇಕು, ಮಾಂಸ ಮುಟ್ಟುವಂತಿಲ್ಲ.

ಹಂದಿಯನ್ನು ಕ್ಷುದ್ರಜೀವಿ ಎಂದು ಘೋಷಿಸಬೇಕೆಂಬ ರಾಜ್ಯದ ಬೇಡಿಕೆಯನ್ನು ಕೇಂದ್ರ ಒಪ್ಪಲಿಲ್ಲ. ಆ ಅಧಿಕಾರ ರಾಜ್ಯಕ್ಕೇ ಬರುವಂತೆ ಕೇರಳ ವಿಧಾನಸಭೆ 2025ರ ಅಕ್ಟೋಬರಿನಲ್ಲಿ ತಿದ್ದುಪಡಿ ಮಸೂದೆ ಅಂಗೀಕರಿಸಿತು. ಕೇಂದ್ರ ಕಾಯಿದೆಗೆ ತಿದ್ದುಪಡಿಯಾದ್ದರಿಂದ ರಾಷ್ಟ್ರಪತಿಗಳ ಅಂಕಿತ ಬೇಕಾಗುತ್ತದೆ. ಅದೇನೇ ಇರಲಿ, ಆದೇಶ ಯಾರು ಹೊರಡಿಸಿದರೂ ಕೊನೆಗೆ ಕುದುರೆ ಎಳೆಯುವುದು ಊರಿನ ಒಬ್ಬ ಕೋವಿದಾರ.

ಇನ್ನು 1959ರ ಶಸ್ತ್ರಾಸ್ತ್ರ ಕಾಯಿದೆ. ಬೆಳೆ ರಕ್ಷಣೆಗೆಂದು ಅದು ಮೊದಲು ಹೆಸರಿಸುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು. ಅದು ಸಾಲದು ಎಂದು ಪರವಾನಗಿ ಅಧಿಕಾರಿಗೆ ಮನವರಿಕೆಯಾದರೆ ಒಳಮೈ ನುಣುಪಾದ ನಳಿಗೆಯ ಬೇರೆ ಕೋವಿ, ಅಂದರೆ ನಮ್ಮ ಒಂಟಿ ನಳಿಗೆ, ಜೋಡಿ ನಳಿಗೆಯ ತೋಟೆ ಕೋವಿ ನೀಡಬಹುದು. ರೈಫಲಿನ ಹೆಸರು ಇಲ್ಲಿ ಬರುವುದೇ ಇಲ್ಲ. ರೈಫಲ್ ಬೇಕಿದ್ದವನು ಅದಕ್ಕೆ ತಕ್ಕ ಕಾರಣವಿದೆಯೆಂದು ಅಧಿಕಾರಿಯನ್ನು ಒಪ್ಪಿಸಬೇಕು. ಅಂದರೆ ಶಾಸನವೇ ಒಂದು ಆಯ್ಕೆ ಮಾಡಿದೆ. ಏಕೆ ಎಂಬುದು ತೋಟೆಗಳ ಗುಣ ನೋಡಿದರೆ ತಿಳಿಯುತ್ತದೆ.

12 ಬೋರ್: ಹತ್ತಿರದ ಆಯುಧ

ನಮ್ಮೂರ ಮನೆಗಳಲ್ಲಿ ಹೆಚ್ಚು ಕಾಣುವುದು 12 ಬೋರಿನ ಕೋವಿ. ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರ್. ಇದರ ತೋಟೆಯೊಳಗೆ ಸೀಸದ ಗುಂಡುಗಳು ಇರುತ್ತವೆ. ಎಷ್ಟು ದೊಡ್ಡವು, ಎಷ್ಟು ಸಂಖ್ಯೆ ಎಂಬುದರ ಮೇಲೆ ತೋಟೆಯ ಹೆಸರು. ಹಕ್ಕಿಗೆ ಹೊಡೆಯುವ ಸಣ್ಣ ನಂಬರಿನ ಚರೆ ಹಂದಿಗೆ ಖಂಡಿತ ಆಗದು. ದಪ್ಪ ಚರ್ಮದಲ್ಲಿ ಸಿಕ್ಕಿ ಪ್ರಾಣಿಯನ್ನು ನರಳಿಸುವುದಷ್ಟೇ ಅದರ ಕೆಲಸ. ಹಂದಿಗೆ ಬಳಸುವುದು ಎಲ್‌ಜಿ ಅಥವಾ ಎಸ್‌ಜಿ. ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ಔನ್ಸಿಗೆ 6 ಗುಂಡು ತೂಗಿದರೆ ಎಲ್‌ಜಿ, 8 ತೂಗಿದರೆ ಎಸ್‌ಜಿ. ಎಲ್‌ಜಿಯ ಒಂದು ಗುಂಡು ಸುಮಾರು 9 ಮಿಲಿಮೀಟರ್ ದಪ್ಪ, ನಾಲ್ಕೂವರೆ ಗ್ರಾಂ ತೂಕ.

ಈ ಗುಂಡುಗಳು ಒಟ್ಟಾಗಿ ಹೊರಟು ಹೋಗುತ್ತಾ ಚದರುತ್ತವೆ. ಬಾಯಿ ಕಿರಿದಾಗಿಸದ ನಳಿಗೆಯಲ್ಲಿ ಗಜಕ್ಕೆ ಒಂದು ಅಂಗುಲ ಚದರುತ್ತದೆ ಎಂಬುದು ಒರಟು ಲೆಕ್ಕ. 15 ಗಜ ದೂರದಲ್ಲಿ ಎಲ್ಲ ಗುಂಡುಗಳೂ ಸುಮಾರು ಒಂದು ಕಾಲಡಿ ಅಗಲದೊಳಗೆ ಬಿದ್ದರೆ, 30 ಗಜದಲ್ಲಿ ಎರಡೂವರೆ ಅಡಿ ಹರಡುತ್ತವೆ. ಹಂದಿಯ ಹೃದಯ, ಶ್ವಾಸಕೋಶ ಇರುವ ಜಾಗ ಮುಂಗಾಲಿನ ಹಿಂದೆ ತಗ್ಗಿನಲ್ಲಿ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹಾಗಾಗಿ 30 ಗಜ ದಾಟಿದರೆ ಆಯಕಟ್ಟಿನ ಜಾಗಕ್ಕೆ ಒಂದೋ ಎರಡೋ ಗುಂಡು ಬಿದ್ದರೆ ಅದೃಷ್ಟ. ಬಲಿತ ಗಂಡು ಹಂದಿಯ ಭುಜದ ಮೇಲಿನ ಗಟ್ಟಿ ಕವಚವನ್ನು ದೂರದಿಂದ ಬಂದ ದಣಿದ ಗುಂಡು ಸೀಳುವುದಿಲ್ಲ.

ಆದರೆ ಇದೇ ದೌರ್ಬಲ್ಯ ಊರಿನವರಿಗೆ ರಕ್ಷೆ. ಗುಂಡು ಉರುಟು, ಹಗುರ. ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಕೋವಿಯನ್ನು ಮೇಲಕ್ಕೆತ್ತಿ ಹೊಡೆದರೂ 600-700 ಮೀಟರಿನಲ್ಲಿ ಬೀಳುತ್ತದೆ. ಅದೂ ಕಡಿಮೆಯಲ್ಲ, ಆದರೆ ರೈಫಲಿನ ಲೆಕ್ಕವೇ ಬೇರೆ.

ಪಾಯಿಂಟ್ 315: ದೂರದ ಆಯುಧ

ಭಾರತದಲ್ಲಿ ಸಾರ್ವಜನಿಕರಿಗೆ ಸಿಗುವ ರೈಫಲುಗಳಲ್ಲಿ ಹೆಚ್ಚು ಪ್ರಚಲಿತ ಪಾಯಿಂಟ್ 315. ಅದರ ಹುಟ್ಟಿಗೆ ಒಂದು ಕಾರಣವಿದೆ. ಬ್ರಿಟಿಷ್ ಸೇನೆಯ ಪಾಯಿಂಟ್ 303 ತೋಟೆ ಸಾರ್ವಜನಿಕರ ಕೈಗೆ ಸಿಗಬಾರದೆಂದು ಸರಕಾರ ನಿಷೇಧಿಸಿತು. ಆ ಜಾಗಕ್ಕೆ ಆಸ್ಟ್ರಿಯಾದ 8 ಮಿಲಿಮೀಟರಿನ ಮಾನ್ಲಿಕರ್ ತೋಟೆ ಬಂತು. ಸ್ವಾತಂತ್ರ್ಯಾನಂತರ ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ ಇದಕ್ಕೆ ರೈಫಲ್ ತಯಾರಿಸಿತು. 2021ರ ಅಕ್ಟೋಬರಿನಲ್ಲಿ ಆರ್ಡ್ನೆನ್ಸ್ ಫ್ಯಾಕ್ಟರಿ ಮಂಡಳಿ ವಿಸರ್ಜನೆಯಾದ ಬಳಿಕ ಆ ಕಾರ್ಖಾನೆ ಕಾನ್ಪುರ ಕೇಂದ್ರವಾದ ಸರಕಾರಿ ಕಂಪೆನಿಯೊಂದರ ಅಧೀನದಲ್ಲಿದೆ.

ಇದರಲ್ಲಿ ಗುಂಡು ಒಂದೇ. ತೂಕ 244 ಗ್ರೇನ್, ಅಂದರೆ ಹತ್ತಿರ ಹತ್ತಿರ 16 ಗ್ರಾಂ. ನಳಿಗೆಯೊಳಗಿನ ಸುರುಳಿ ಗೆರೆಗಳಿಂದಾಗಿ ತಿರುಗುತ್ತಾ ನೇರ ಹೋಗುತ್ತದೆ. ವೇಗ ಸೆಕೆಂಡಿಗೆ 600 ಮೀಟರಿಗೂ ಹೆಚ್ಚು. ಒಂದು ಎಲ್‌ಜಿ ಗುಂಡಿನ ಶಕ್ತಿಗಿಂತ ಇದರ ಶಕ್ತಿ ಹತ್ತು ಪಟ್ಟಿನ ಆಸುಪಾಸು. ನುರಿತ ಕೈಯಲ್ಲಿ 100 ಮೀಟರ್ ದೂರದ ಹಂದಿ ಒಂದೇ ಈಡಿಗೆ ಉರುಳುತ್ತದೆ. ಪ್ರಾಣಿಗೆ ನರಳಾಟವಿಲ್ಲ, ಗಾಯಗೊಂಡ ಹಂದಿ ಮರುದಿನ ಹುಲ್ಲು ಕೊಯ್ಯುವ ಹೆಂಗಸಿನ ಮೇಲೆ ನುಗ್ಗುವ ಭಯವಿಲ್ಲ. ರೈಫಲ್ ಬೇಕೆನ್ನುವವರ ವಾದದಲ್ಲಿ ಈ ಮಟ್ಟಿಗೆ ಸತ್ಯವಿದೆ.

ಆದರೆ ಗುರಿ ತಪ್ಪಿದರೆ? ಆ ಗುಂಡು ಎರಡು ಕಿಲೋಮೀಟರ್ ಮೀರಿಯೂ ಹೋಗಬಲ್ಲದು. ಹಂದಿಯ ಮೈ ತೂರಿ ಆಚೆ ಬಂದ ಗುಂಡಿಗೂ ಮನುಷ್ಯನನ್ನು ಕೊಲ್ಲುವ ಶಕ್ತಿ ಉಳಿದಿರುತ್ತದೆ. ಇಶಾಪುರದ್ದೇ ಇನ್ನೊಂದು ರೈಫಲ್ ಪಾಯಿಂಟ್ 30-06. ಅಮೆರಿಕದ ಸೇನೆ 1906ರಲ್ಲಿ ಒಪ್ಪಿಕೊಂಡ ಈ ತೋಟೆ ಇನ್ನೂ ವೇಗದ್ದು, ಇನ್ನೂ ದೂರದ್ದು. ಅಲ್ಲಿನ ವಿಶಾಲ ಬಯಲುಗಳಲ್ಲಿ ದೊಡ್ಡ ಬೇಟೆಗೆ ಅದು ಜನಪ್ರಿಯ. ಆ ಜನಪ್ರಿಯತೆಯನ್ನು ನಮ್ಮ ಅಡಿಕೆ ತೋಟಕ್ಕೆ ತರುವುದರಲ್ಲಿ ಅರ್ಥವಿಲ್ಲ.

ನಮ್ಮ ನೆಲದ ಲೆಕ್ಕ

2011ರ ಜನಗಣತಿಯಂತೆ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13 ಲಕ್ಷಕ್ಕೂ ಹೆಚ್ಚು. ಚದರ ಕಿಲೋಮೀಟರಿಗೆ 650ಕ್ಕೂ ಹೆಚ್ಚು ಜನ. ಘಟ್ಟದ ಮೇಲಿನಂತೆ ಊರೊಂದು ಕಡೆ, ಹೊಲವೊಂದು ಕಡೆ ಎಂಬ ಪದ್ಧತಿ ಇಲ್ಲಿಲ್ಲ. ತೋಟಕ್ಕೊಂದು ಮನೆ, ಗುಡ್ಡೆಗೊಂದು ದಾರಿ. ಎಣ್ಮಕಜೆ, ಬೆಳ್ಳೂರು, ದೇಲಂಪಾಡಿಯಂಥ ಕಡೆಗಳಲ್ಲಿ ಒಂದು ತೋಟದ ಬೆನ್ನಿಗೆ ಇನ್ನೊಂದು ಮನೆಯ ಅಂಗಳ. ಬೆಳಗ್ಗೆ ನಾಲ್ಕಕ್ಕೆ ರಬ್ಬರ್ ಹಾಲು ತೆಗೆಯಲು ಹೊರಟವನ ತಲೆದೀಪ ಯಾವ ಗುಡ್ಡೆಯಲ್ಲಿ ಇದೆಯೆಂದು ಕೋವಿದಾರನಿಗೆ ಗೊತ್ತಿರುವುದಿಲ್ಲ.

ಇದಕ್ಕೆ ಜೊತೆಯಾಗಿ ಮುರಕಲ್ಲಿನ ನೆಲ. ಮೆದು ಮಣ್ಣು ಗುಂಡನ್ನು ನುಂಗುತ್ತದೆ. ಗಟ್ಟಿ ಪಾರೆ ಅದನ್ನು ಎತ್ತಿ ಎಸೆಯುತ್ತದೆ. ಸಮತಟ್ಟಾದ ಪಾರೆಯ ಮೇಲೆ ಓರೆಯಾಗಿ ತಾಗಿದ ರೈಫಲ್ ಗುಂಡು ಎತ್ತ ಹೋದೀತೆಂದು ಹೇಳಲು ಯಾರಿಂದಲೂ ಆಗದು. 12 ಬೋರಿನ ಗುಂಡೂ ಪುಟಿಯುತ್ತದೆ, ಆದರೆ ಅದರ ಓಟ ಬೇಗ ಮುಗಿಯುತ್ತದೆ.

ಗಡಿಯ ವಿಚಾರವೂ ಇದೆ. ಪಂಚಾಯತಿನ ಆದೇಶ ಆ ಪಂಚಾಯತಿನೊಳಗೆ ಮಾತ್ರ. ಪೈವಳಿಕೆಯಲ್ಲೋ ವರ್ಕಾಡಿಯಲ್ಲೋ ಗಾಯಗೊಂಡ ಹಂದಿ ಗಡಿ ದಾಟಿ ದಕ್ಷಿಣ ಕನ್ನಡಕ್ಕೆ ನುಗ್ಗಿದರೆ ಬೆನ್ನಟ್ಟಿ ಹೋಗಿ ಕೊಲ್ಲಲು ಕೇರಳದ ಆದೇಶ ಸಾಲದು. ಎಷ್ಟೋ ಪರವಾನಗಿಗಳಿಗೂ ಜಿಲ್ಲೆಯ ಅಥವಾ ರಾಜ್ಯದ ಮಿತಿ ಇರುತ್ತದೆ. ಗುಂಡಿಗೆ ಮಾತ್ರ ಗಡಿಕಲ್ಲು ಕಾಣಿಸುವುದಿಲ್ಲ. ಕೊಡಗಿನವರಿಗೆ ಇರುವ ಪರವಾನಗಿ ವಿನಾಯಿತಿಯನ್ನು ಕೆಲವರು ಉದಾಹರಣೆ ಕೊಡುವುದುಂಟು. ಅದು ಕೊಡವ ಜನಾಂಗ ಮತ್ತು ಜಮ್ಮಾ ಭೂಮಿಯ ಹಕ್ಕುದಾರರಿಗೆ ಪರಂಪರೆಯ ಕಾರಣದಿಂದ ಬಂದದ್ದು. ನಮ್ಮ ಸಮಸ್ಯೆಗೆ ಅದು ಮಾದರಿಯಾಗದು.

ಹಾಗಾದರೆ ತೀರ್ಮಾನ?

ಮನೆ, ತೋಟ ಒತ್ತೊತ್ತಾಗಿರುವ ಕಡೆ 12 ಬೋರ್, ಎಲ್‌ಜಿ ತೋಟೆ, 25 ಗಜದೊಳಗೆ. ಈ ಮೂರೂ ಒಟ್ಟಿಗೆ ಇರಬೇಕು. ದೂರ ಹೆಚ್ಚಿಸಿ ಹೊಡೆಯುವುದಾದರೆ ಹೊಡೆಯದಿರುವುದೇ ಮೇಲು. ಇದೇ ಕೋವಿಯಲ್ಲಿ ಒಂಟಿಗುಂಡಿನ ತೋಟೆಯನ್ನೂ ಹಾಕಬಹುದು. 50 ಮೀಟರ್ ತನಕ ಅದು ಹಂದಿಯನ್ನು ಕೆಡವಬಲ್ಲದು. ಆದರೆ ತಪ್ಪಿದರೆ ಎಲ್‌ಜಿಗಿಂತ ಬಹಳ ದೂರ ಹೋಗುತ್ತದೆ, ಗುರಿಯೂ ಪಳಗಿರಬೇಕು.

ರೈಫಲಿಗೆ ಜಾಗವೇ ಇಲ್ಲವೆಂದಲ್ಲ. ಕಾಡಂಚಿನಲ್ಲಿ, ಹಿಂದೆ ಎತ್ತರದ ಮಣ್ಣಿನ ದರೆ ಇರುವಲ್ಲಿ, ಅಟ್ಟಳಿಗೆಯಿಂದ ಕೆಳಮುಖವಾಗಿ, ಅರಣ್ಯ ಇಲಾಖೆಯವರ ಸಮ್ಮುಖದಲ್ಲಿ, ಅಭ್ಯಾಸವಿರುವ ಕೈಯಿಂದ ಪಾಯಿಂಟ್ 315 ಹೆಚ್ಚು ಖಚಿತ, ಹೆಚ್ಚು ದಯೆಯುಳ್ಳ ಆಯುಧ. ಎತ್ತರದಿಂದ ಕೆಳಕ್ಕೆ ಹೊಡೆದ ಗುಂಡು ಮಣ್ಣಿಗೇ ಸೇರುತ್ತದೆ ಎಂಬುದು ಎರಡೂ ತೋಟೆಗಳಿಗೆ ಅನ್ವಯಿಸುವ ಸರಳ ನಿಯಮ.

ಪಂಚಾಯತುಗಳು ಮಾಡಬೇಕಾದ್ದು

ಕೋವಿದಾರನಿಗೆ ತೋಟೆಯ ಆಯ್ಕೆ ಮನಸ್ಸಿಗೆ ಬಂದಂತೆ ಇಲ್ಲ. ಯಾವ ಬೋರು, ಎಷ್ಟು ತೋಟೆ ಎಂಬುದು ಪರವಾನಗಿಯಲ್ಲೇ ಬರೆದಿರುತ್ತದೆ. ಹಾಗಿರುವಾಗ ಪಟ್ಟಿಯಲ್ಲಿರುವ ಯಾರ ಕೈಯಲ್ಲಿ ಯಾವ ಆಯುಧವಿದೆ, ಯಾವ ವಾರ್ಡಿಗೆ ಯಾರು ಸೂಕ್ತ ಎಂದು ನೋಡುವುದು ಆದೇಶ ಹೊರಡಿಸುವವರ ಹೊಣೆ. ಲಿಖಿತ ಆದೇಶ ಹೇಗೂ ಬೇಕು. ಅದರಲ್ಲಿ ಸ್ಥಳ, ಸಮಯ, ಕೋವಿಯ ಬೋರು, ತೋಟೆಯ ವಿಧ ಇಷ್ಟನ್ನು ಸೇರಿಸಲು ಎರಡು ಸಾಲು ಸಾಕು. ಸುತ್ತಲಿನ ಮನೆಗಳಿಗೆ ಮೊದಲೇ ತಿಳಿಸಲು ವಾರ್ಡು ಸದಸ್ಯರಿದ್ದಾರೆ. 2025ರ ಡಿಸೆಂಬರಿನಲ್ಲಿ ಆಯ್ಕೆಯಾದ ಆಡಳಿತ ಸಮಿತಿಗಳು ಇದನ್ನು ಮೊದಲ ಕೆಲಸಗಳಲ್ಲಿ ಒಂದಾಗಿ ಎತ್ತಿಕೊಳ್ಳಬೇಕು.

ಇನ್ನೊಂದು ತೊಡಕು ಚುನಾವಣೆಯದ್ದು. ಚುನಾವಣೆ ಬಂದಾಗಲೆಲ್ಲ ಪರವಾನಗಿ ಕೋವಿಗಳು ಪೊಲೀಸ್ ಠಾಣೆ ಸೇರುತ್ತವೆ. ಹಂದಿಗೆ ನೀತಿಸಂಹಿತೆ ಇಲ್ಲ. ಬೆಳೆ ರಕ್ಷಣೆಯ ಪಟ್ಟಿಯಲ್ಲಿರುವ ಕೆಲವರಿಗಾದರೂ ವಿನಾಯಿತಿ ಸಿಗುವಂತೆ ಜಿಲ್ಲಾಡಳಿತ ಮುಂಚಿತವಾಗಿ ಪರಿಶೀಲಿಸಬೇಕು.

ಇಷ್ಟೆಲ್ಲ ಜಾಗ್ರತೆ ಏಕೆಂದು ಕೇಳುವವರು ಎರಡು ಘಟನೆ ನೆನಪಿಡಬೇಕು. 2020ರ ಮೇಯಲ್ಲಿ ಪಾಲಕ್ಕಾಡಿನಲ್ಲಿ ಗರ್ಭಿಣಿ ಆನೆಯೊಂದು ಬಾಯಲ್ಲಿ ಸ್ಫೋಟಕ ಸಿಡಿದು ಸತ್ತಿತು. 2025ರ ಜೂನಿನಲ್ಲಿ ಮಲಪ್ಪುರಂ ಜಿಲ್ಲೆಯ ನಿಲಂಬೂರು ಪರಿಸರದಲ್ಲಿ ಹಂದಿಗೆ ಇಟ್ಟಿದ್ದ ಅಕ್ರಮ ವಿದ್ಯುತ್ ತಂತಿ ತಾಗಿ 15 ವರ್ಷದ ಹುಡುಗನೊಬ್ಬ ಪ್ರಾಣ ಕಳೆದುಕೊಂಡ. ಕಾನೂನಿನ ದಾರಿ ಕೈಗೆ ಸಿಗದಾಗ ಜನ ಕಳ್ಳದಾರಿ ಹಿಡಿಯುತ್ತಾರೆ. ಕಾನೂನಿನ ದಾರಿಯಲ್ಲೇ ಒಬ್ಬ ಅಮಾಯಕನಿಗೆ ಗುಂಡು ತಾಗಿದರೆ ಆ ದಾರಿಯೂ ಮುಚ್ಚಿಹೋಗುತ್ತದೆ. ಆಗ ನಷ್ಟ ಮತ್ತೆ ಕೃಷಿಕನಿಗೇ. ಮರಗೆಣಸು, ಬಾಳೆ, ಗದ್ದೆ ಹಂದಿಯ ಪಾಲಾಗುವುದನ್ನು ನೋಡುತ್ತಾ ಕೂರಬೇಕಾದವನು ಅವನೇ.