ಪಕ್ಕದ ಕೋಣೆಯ ಗಾಬ್ಲಿನ್‌ಗೆ ಕಿವಿ ಇಲ್ವಾ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವ ಎಷ್ಟೋ ಮೇಜುಗಳಲ್ಲಿ ಈ ಪವಾಡ ನೋಡಿದ್ದೀನಿ. ನೆಲಮಾಳಿಗೆಯ ಒಂದು ಕೋಣೆಯಲ್ಲಿ ಮಂತ್ರವಾದಿ ಥಂಡರ್‌ವೇವ್ ಹಾಕ್ತಾನೆ. ಗುಡುಗು, ಕಿರುಚಾಟ, ಕತ್ತಿಗಳ ಖಣಖಣ. ಬಾಗಿಲಾಚೆಯ ಗಾಬ್ಲಿನ್‌ಗಳು ಮಾತ್ರ ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತವರ ಹಾಗೆ ತಮ್ಮ ಸರದಿಗೆ ಕಾಯ್ತಿರ್ತವೆ. ಪಕ್ಕದ ಫ್ಲ್ಯಾಟಿನ ಕುಕ್ಕರ್ ಎಷ್ಟು ಸೀಟಿ ಹೊಡೆಯಿತು ಅಂತ ಹೇಳಬಲ್ಲ ನಾವು ಇದನ್ನ ನಂಬಿಕೊಂಡು ಆಡ್ತೀವಿ!

ನಿಯಮ ಇಲ್ಲ ಅಂತಲ್ಲ. ಥಂಡರ್‌ವೇವ್ ಸದ್ದು 300 ಅಡಿವರೆಗೆ ಕೇಳಿಸುತ್ತೆ ಅಂತ 2014ರ ಆಟಗಾರರ ಕೈಪಿಡಿಯೇ ಹೇಳುತ್ತೆ. ಬೀಗ ತೆರೆಯುವ ನಾಕ್ ಮಂತ್ರಕ್ಕೂ ಅಷ್ಟೇ ದೂರ. ಆದರೆ ಮಾಮೂಲಿ ಸದ್ದು ಎಷ್ಟು ದೂರ ಹೋಗುತ್ತೆ ಅನ್ನೋ ಕೋಷ್ಟಕ ಎಲ್ಲಿದೆ ಗೊತ್ತಾ? ಗೇಮ್ ಮಾಸ್ಟರ್ ತನ್ನ ಮುಂದೆ ನಿಲ್ಲಿಸಿಕೊಳ್ಳೋ ರಟ್ಟಿನ ಪರದೆಯ ಒಳಮೈಯಲ್ಲಿ! ಪಾತ್ರಗಳ ಜೀವದ ಲೆಕ್ಕ, ಅವುಗಳನ್ನು ಆಡಿಸುವವರಿಗೇ ಕಾಣಲ್ಲ.

ಕಾಣದ ನಿಯಮ ನಿಯಮವಲ್ಲ, ಮರ್ಜಿ. ಆಟ ಸಪ್ಪೆ ಅನ್ನಿಸಿದಾಗ ಗಾಬ್ಲಿನ್‌ಗಳಿಗೆ ದಿಢೀರನೆ ಕಿವಿ ಬರುತ್ತೆ. ತಂಡ ಸಾಯೋ ಹಾಗಾದಾಗ ಅವೇ ಗಾಬ್ಲಿನ್‌ಗಳು ಕಿವುಡಾಗ್ತವೆ.

‘ಅಯ್ಯೋ, ಲೆಕ್ಕ ಹಾಕ್ತಾ ಕೂತರೆ ಮಜಾ ಹೋಗುತ್ತೆ ಮಾರಾಯ’ ಅನ್ನೋರಿದ್ದಾರೆ. ಅವರ ಮಾತಲ್ಲೂ ಅರ್ಥ ಇದೆ. 2003ರ ಮೂರೂವರೆ ಆವೃತ್ತಿಯಲ್ಲಿ ಕೇಳಿಸಿಕೊಳ್ಳೋದಕ್ಕೇ ಬೇರೆ ಕೌಶಲ ಇತ್ತು. ಪ್ರತಿ 10 ಅಡಿಗೆ ಕಷ್ಟ 1 ಹೆಚ್ಚು, ಬಾಗಿಲಿಗೆ 5, ಕಲ್ಲುಗೋಡೆಗೆ 15. ಅದು ಆಟವಲ್ಲ, ಜಿಎಸ್‌ಟಿ ರಿಟರ್ನ್ಸ್. ಹಾಗಂತ 1974ರ ಮೂಲ ಆಟಕ್ಕೆ ವಾಪಸ್ ಹೋಗೋಣ ಅಂದರೆ, ಅಲ್ಲಿ ಬಾಗಿಲಿಗೆ ಕಿವಿಗೊಟ್ಟ ಮನುಷ್ಯನಿಗೆ ದಾಳದಲ್ಲಿ 1 ಬಿದ್ದರೆ ಮಾತ್ರ ಒಳಗಿನ ಸದ್ದು ಕೇಳಿಸುತ್ತೆ. ಅದು ಬರೀ ಲಾಟರಿ.

ನಾಲ್ಕು ಸಾಲಿನ ಮನೆನಿಯಮ ಸಾಕು. ಪಿಸುಮಾತು ಅದೇ ಕೋಣೆಗೆ, ಮಾತುಕತೆ ಪಕ್ಕದ ಕೋಣೆಗೆ, ಕಾಳಗ ಮತ್ತು ಗುಡುಗು ಇಡೀ ಮಹಡಿಗೆ. ನಡುವೆ ದಪ್ಪ ಬಾಗಿಲು ಮುಚ್ಚಿದ್ದರೆ ಒಂದು ದರ್ಜೆ ಕಡಿಮೆ. ಕೇಳಿಸಿತಾ ಇಲ್ವಾ ಅನ್ನೋದಕ್ಕೆ ದಾಳ ಬೇಡ. ಕೇಳಿಸಿದ್ದು ಏನು, ಎಷ್ಟು ಜನ, ಯಾವ ಕಡೆ ಅನ್ನೋದಕ್ಕೆ ದಾಳ ಹಾಕಿ. ಇದು ಎರಡೂ ಪಕ್ಷಕ್ಕೂ ಒಂದೇ. ಒಂದು ಚೀಟಿಯಲ್ಲಿ ಬರೆದು ಮೇಜಿನ ಮಧ್ಯೆ ಇಡಿ.

ಯಾಕಿಷ್ಟು ಹಟ ಅಂದರೆ, ಸದ್ದಿಗೆ ಬೆಲೆ ಇಲ್ಲದ ಮೇಜಿನಲ್ಲಿ ಮೌನಕ್ಕೂ ಬೆಲೆ ಇರಲ್ಲ. ಬೀಗ ತೆಗೆಯೋ ಕಲೆಗಾಗಿಯೇ ಕಳ್ಳನ ಪಾತ್ರ ಕಟ್ಟಿಕೊಂಡು ಬಂದಿರ್ತಾಳೆ ಒಬ್ಬಳು. ನಾಕ್ ಮಂತ್ರದ ಸದ್ದು ಯಾರಿಗೂ ಕೇಳಿಸಲ್ಲ ಅಂದಮೇಲೆ ಅವಳು ಯಾಕೆ ಬೇಕು? ಕೊಡಲಿಯವನು ಬಾಗಿಲು ಒಡೆದರೂ ನಷ್ಟ ಇಲ್ಲ ಅಂದಮೇಲೆ ‘ಸ್ವಲ್ಪ ತಡೀರಿ, ಯೋಚನೆ ಮಾಡೋಣ’ ಅನ್ನೋ ಅವಳ ಮಾತನ್ನ ಯಾರು ಕೇಳ್ತಾರೆ?

ಮೊದಲು ಗಾಬ್ಲಿನ್‌ಗೆ ಕಿವಿ ಕೊಡಿ. ಮೇಜಿನ ಮೂಲೆಯಲ್ಲಿ ಕೂತವಳ ಮಾತೂ ಆಗ ಕೇಳಿಸೀತು.