ಪಹಣಿ ಶುದ್ಧವಾಗಲಿ, ರೈತನ ಹೆಸರು ಅಳಿಯದಿರಲಿ

ನಮ್ಮ ಸೊರಬ, ಶಿಕಾರಿಪುರಗಳ ಕಡೆ ಒಬ್ಬ ಮನುಷ್ಯನಿಗೆ ಎಷ್ಟು ಹೆಸರು? ಲಗ್ನಪತ್ರಿಕೆಯಲ್ಲಿ ಹನುಮಂತಪ್ಪ, ಊರವರ ಬಾಯಲ್ಲಿ ಹನುಮಪ್ಪ, ಪಹಣಿಯಲ್ಲಿ ‘ಹನುಮ ಬಿನ್ ಬಸಪ್ಪ’, ಆಧಾರ್ ಚೀಟಿಯಲ್ಲಿ ಇಂಗ್ಲಿಷಿನ ಒಂದಕ್ಷರ ಅಂಟಿಸಿಕೊಂಡ ಮತ್ತೊಂದು ಹೆಸರು. ಊರಿಗೆ ಇದರಿಂದ ಗೊಂದಲವಿಲ್ಲ. ಹನುಮಪ್ಪ ಯಾರೆಂದು ಊರಿಗೆ ಗೊತ್ತು. ಗೊತ್ತಿಲ್ಲದಿರುವುದು ಯಂತ್ರಕ್ಕೆ.

ಈಗ ಸರ್ಕಾರದ ಲೆಕ್ಕಪತ್ರಗಳನ್ನು ಯಂತ್ರದಿಂದ ತೊಳೆಯುವ ಕಾಲ. ವ್ಯಾಪಾರದ ಕಂಪೆನಿಗಳು ತಮ್ಮ ಗಿರಾಕಿಗಳ ಪಟ್ಟಿಯನ್ನು ಸರಿಪಡಿಸಿಕೊಳ್ಳಲು ಯಾವ ಬಗೆಯ ತಂತ್ರಾಂಶ ಬಳಸುತ್ತವೆಯೋ ಅದೇ ಬಗೆಯದು ಇಂದು ರೈತನ ಹೆಸರನ್ನೂ ತೂಗುತ್ತಿದೆ. ಕಂಪೆನಿಯ ಪಟ್ಟಿಯಲ್ಲಿ ತಪ್ಪಾದರೆ ಒಂದು ಕಾಗದ ಬೇರೆ ಮನೆಗೆ ಹೋದೀತು. ಪಹಣಿಯಲ್ಲಿ ತಪ್ಪಾದರೆ ಹೊಲವೇ ಬೇರೆ ಮನೆಗೆ ಹೋದೀತು. ಈ ವ್ಯತ್ಯಾಸವನ್ನು ಮರೆಯಬಾರದೆಂದೇ ನಾವು ಇದನ್ನು ಬರೆಯುತ್ತಿದ್ದೇವೆ.

ಯಂತ್ರ ಬೇಡವೆನ್ನುವವರು ನಾವಲ್ಲ. ‘ಭೂಮಿ’ ಯೋಜನೆ ಬರುವ ಮುಂಚೆ ಪಹಣಿಯ ಪುಸ್ತಕ ಯಾರ ಕೈಯಲ್ಲಿತ್ತು, ಅದರಲ್ಲಿ ಒಂದು ಅಕ್ಷರ ತಿದ್ದಿಸಲು ರೈತ ಎಷ್ಟು ಸಲ ಕೈಕಟ್ಟಿ ನಿಲ್ಲಬೇಕಾಗಿತ್ತು ಎಂಬುದನ್ನು ಹಳಬರು ಬಲ್ಲರು. ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಅದು ದೊಡ್ಡ ಕೆಲಸ. ಆದರೆ ಪುಸ್ತಕದಲ್ಲಿದ್ದ ತಪ್ಪುಗಳೂ ಜೊತೆಯಲ್ಲೇ ಏರಿದವು. ಕೆಲವನ್ನು ನಕಲು ಮಾಡಿದವರು ಹೊಸದಾಗಿ ಸೇರಿಸಿದರು.

ಬಳಿಕ ಪಹಣಿಗೆ ಎಲ್ಲವೂ ಗಂಟು ಬಿದ್ದಿತು. ‘ಫ್ರೂಟ್ಸ್’ ಎಂಬ ರೈತರ ಪಟ್ಟಿ ಬಂತು. 2019ರಲ್ಲಿ ವರ್ಷಕ್ಕೆ 6,000 ರೂಪಾಯಿ ಕೊಡುವ ಕಿಸಾನ್ ಸಮ್ಮಾನ್ ಬಂತು. ಬೆಳೆವಿಮೆ, ಬೆಳೆನಷ್ಟದ ಪರಿಹಾರ ಎಲ್ಲಕ್ಕೂ ಹೆಸರಿಗೆ ಹೆಸರು ಕೂಡಬೇಕಾಯಿತು. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ರಾಜ್ಯದಲ್ಲೆಲ್ಲ ಭರದಿಂದ ನಡೆಯಿತು.

ಯಂತ್ರ ಹೆಸರುಗಳನ್ನು ಹೇಗೆ ಕೂಡಿಸುತ್ತದೆ? ಒಂದು ಹೆಸರನ್ನು ಇನ್ನೊಂದಾಗಿ ಮಾಡಲು ಎಷ್ಟು ಅಕ್ಷರ ಬದಲಿಸಬೇಕು, ಸೇರಿಸಬೇಕು, ತೆಗೆಯಬೇಕು ಎಂದು ಎಣಿಸುವುದು ಒಂದು ಪ್ರಸಿದ್ಧ ವಿಧಾನ. 1965ರಲ್ಲಿ ಸೋವಿಯತ್ ಗಣಿತಜ್ಞ ಲೆವೆನ್‌ಷ್ಟೈನ್ ಇದನ್ನು ಮಂಡಿಸಿದರು. ಅಂತರ ಕಡಿಮೆಯಿದ್ದರೆ ಒಬ್ಬನೇ, ಹೆಚ್ಚಿದ್ದರೆ ಬೇರೆ ಎಂದು ಯಂತ್ರ ಊಹಿಸುತ್ತದೆ. ಈ ಅಳತೆಗೋಲನ್ನು ನಮ್ಮ ಊರಿಗೆ ತನ್ನಿ. ಬಸಪ್ಪನಿಗೂ ಬಸಮ್ಮನಿಗೂ ಒಂದೇ ಅಕ್ಷರದ ಅಂತರ. ಹನುಮಪ್ಪನಿಗೂ ಹನುಮಂತಪ್ಪನಿಗೂ ಎರಡು. ಅಂದರೆ ಗಂಡಹೆಂಡಿರು ಒಬ್ಬರೇ ಆದಾರು, ಒಬ್ಬನೇ ಮನುಷ್ಯ ಇಬ್ಬರಾದಾನು! ಬುದ್ಧಿವಂತ ಯಂತ್ರಗಳು ತಂದೆಯ ಹೆಸರು, ಊರು, ಸರ್ವೆ ನಂಬರುಗಳನ್ನೂ ನೋಡುತ್ತವೆ, ನಿಜ. ಅಜ್ಜನ ಹೆಸರನ್ನೇ ಮೊಮ್ಮಗನಿಗಿಡುವ ನಾಡಿನಲ್ಲಿ ಅದೂ ಸಾಲದು.

ನಾವು ಶಾಲೆಯಲ್ಲಿದ್ದಾಗ ಒಂದೇ ತರಗತಿಯಲ್ಲಿ ಮೂವರು ಮಂಜಪ್ಪರಿದ್ದರು. ಹಾಜರಿ ಕೂಗಿದರೆ ಮೂವರೂ ಏಳುತ್ತಿದ್ದರು. ನಾವು ಒಬ್ಬನ ಹೆಸರನ್ನು ಹೊಡೆದುಹಾಕಲಿಲ್ಲ. ಮುಖ ನೋಡಿ, ಯಾರ ಮಗನೆಂದು ಕೇಳಿ, ಗುರುತು ಹಾಕಿಕೊಂಡೆವು. ತೊಡಕು ಬಿಡಿಸಲು ಅಷ್ಟೇ ಸಾಕಾಯಿತು: ಕೇಳುವುದು.

ಹೆಸರಿನ ಮಾತು ಹಾಗಿರಲಿ, ವಿಸ್ತೀರ್ಣ ನೋಡೋಣ. ಪಹಣಿಯ 3ನೆಯ ಕಾಲಮಿನಲ್ಲಿ ಒಟ್ಟು 4 ಎಕರೆ ಎಂದಿದೆ. 9ನೆಯ ಕಾಲಮಿನಲ್ಲಿ ಹಕ್ಕುದಾರರ ಪಾಲು ಕೂಡಿಸಿದರೆ 4 ಎಕರೆ 10 ಗುಂಟೆ ಎನ್ನೋಣ. ಇಂಥ ವ್ಯತ್ಯಾಸ ಊರೂರಿನಲ್ಲಿದೆ. ಯಂತ್ರ ಅದನ್ನು ಕ್ಷಣದಲ್ಲಿ ಹಿಡಿದುಕೊಡುತ್ತದೆ, ಅದಕ್ಕೆ ನಮಸ್ಕಾರ. ಆದರೆ ಹೆಚ್ಚಾದ 10 ಗುಂಟೆಯನ್ನು ಅಣ್ಣನಿಂದ ಕಳೆಯಬೇಕೆ, ತಮ್ಮನಿಂದಲೆ, ಸಹಿ ಹಾಕಲು ಬಾರದ ವಿಧವೆ ಅತ್ತಿಗೆಯಿಂದಲೆ? ಇದನ್ನು ಗಣಿತ ಹೇಳಲಾರದು.

ನಮ್ಮ ಸೀಮೆಗೆ ಅಳತೆಯ ಮೋಸ ಹೊಸದಲ್ಲ. 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ ಜಗಳವಿದ್ದದ್ದು ಗೇಣಿ ಅಳೆಯುವ ಕೊಳಗದ ಮೇಲೆ. ಹೆಸರೊಂದೇ ಕೊಳಗ, ಗಾತ್ರ ಬೇರೆ ಬೇರೆ. ಮುಂದೆ 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಅರ್ಜಿ ಹಾಕಿದಾಗ ಪಹಣಿಯಲ್ಲಿ ಹೆಸರಿದ್ದವನ ದಾರಿ ಸುಲಭವಾಯಿತು, ಉತ್ತವನಾದರೂ ಹೆಸರಿಲ್ಲದವನು ಸಾಕ್ಷಿಗಾಗಿ ಅಲೆದ. ಒಂದು ಸಾಲಿನ ಶಾಯಿಗೆ ಎಷ್ಟು ಬೆಲೆಯೆಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಆದ್ದರಿಂದ ನಾವು ಕೇಳುವುದು ಮೂರೇ ಮಾತು. ಒಂದನೆಯದು, ಯಂತ್ರ ಸಂಶಯವನ್ನು ತೋರಿಸಲಿ, ತೀರ್ಪು ಕೊಡದಿರಲಿ. ಹೊಸ ಹಕ್ಕು ದಾಖಲಿಸುವ ಮುನ್ನ ಚಾವಡಿಯಲ್ಲಿ ಪ್ರಕಟಣೆ ಹಚ್ಚಬೇಕು, ತಕರಾರು ಕೇಳಬೇಕು ಎಂದು 1964ರ ಭೂಕಂದಾಯ ಕಾಯಿದೆಯ 129ನೆಯ ಕಲಮು ಹೇಳುತ್ತದೆ. ಯಂತ್ರ ಸೂಚಿಸಿದ ತಿದ್ದುಪಡಿಯ ಪಟ್ಟಿಯನ್ನೂ ಹಾಗೆಯೇ ಗ್ರಾಮಸಭೆಯಲ್ಲಿ ಕನ್ನಡದಲ್ಲಿ, ಗಟ್ಟಿಯಾಗಿ ಓದಲಿ. ಎರಡನೆಯದು, ತಿದ್ದುವ ಮೊದಲಿದ್ದ ದಾಖಲೆ ಅಳಿಯದೆ ಉಳಿಯಲಿ. ಯಾರು, ಯಾವ ದಿನ, ಯಾವ ಕಾರಣಕ್ಕೆ ತಿದ್ದಿದರೆಂಬುದನ್ನು ರೈತ ಕೇಳಿದ ಕೂಡಲೆ ತೋರಿಸಲಿ. ಮೂರನೆಯದು, ಕಚೇರಿಯ ಕೈತಪ್ಪಿಗೆ ಕಚೇರಿಯೇ ಹೊಣೆಯಾಗಲಿ. ನಕಲು ಮಾಡುವವರು ‘ಂತ’ ಬಿಟ್ಟುಬಿಟ್ಟದ್ದಕ್ಕೆ ಹನುಮಂತಪ್ಪ ಕೂಲಿ ಕಳೆದುಕೊಂಡು, ಬಸ್ಸಿನ ಚಾರ್ಜು ಕೊಟ್ಟು, ಅಫಿಡವಿಟ್ಟು ಮಾಡಿಸಿ, ತಾನೇ ತಾನೆಂದು ಸಿದ್ಧಪಡಿಸುವುದು ಯಾವ ನ್ಯಾಯ?

ಓದುಗರಲ್ಲೂ ಒಂದು ಬಿನ್ನಹ. ನಿಮ್ಮ ಪಹಣಿ ತೆಗೆಸಿರಿ. ಹೆಸರು, ವಿಸ್ತೀರ್ಣ ಎರಡನ್ನೂ ಮನೆಯ ಹಿರಿಯರ ಮುಂದೆ ಓದಿಸಿರಿ, ಹೆಂಗಸರನ್ನೂ ಕೂರಿಸಿಕೊಳ್ಳಿರಿ. ತೀರಿಹೋದವರ ಹೆಸರಿನಲ್ಲೇ ಇದ್ದರೆ ಪೌತಿ ಖಾತೆಗೆ ಅರ್ಜಿ ಕೊಡಿರಿ. ಯಂತ್ರ ಬಂದು ಕೇಳುವ ಮೊದಲು ನಮ್ಮ ಮನೆಯ ಲೆಕ್ಕ ನಮಗೆ ಗೊತ್ತಿರಲಿ.